ತೆರೆಯ ಮೇಲಿನ ಬಡವನ ಅಂಗಿ

ಕಡಿಮೆ ಖರ್ಚಿನ ಚಿತ್ರಗಳ ಉಡುಪು ವಿನ್ಯಾಸ: ಬೊಮ್ಮನಹಾಳ್ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಚಲನಚಿತ್ರ ನೋಡಿ ಬಂದವರೊಡನೆ ಕತೆ ಹೇಗಿತ್ತು, ಹಾಡು ಹೇಗಿತ್ತು ಎಂದು ವಿಚಾರಿಸುವುದು ವಾಡಿಕೆ. ಉಡುಪು ಹೇಗಿತ್ತು ಎಂದು ಕೇಳುವವರು ಅಪರೂಪ. ಕೇಳಿದರೂ ಆ ಪ್ರಶ್ನೆ ರಾಜಮಹಾರಾಜರ ಚಿತ್ರಗಳಿಗೆ, ಇಲ್ಲವೆ ಒಂದು ಹಾಡು ಮುಗಿಯುವುದರೊಳಗೆ ನಾಯಕಿ ಹತ್ತು ಸೀರೆ ಬದಲಾಯಿಸುವ ಚಿತ್ರಗಳಿಗೆ ಸೀಮಿತ. ಹೊಲದಲ್ಲಿ ಕಳೆ ಕೀಳುವ ಹೆಂಗಸು ತೆರೆಯ ಮೇಲೆ ಉಟ್ಟ ಮಾಸಿದ ಸೀರೆಯನ್ನು ಯಾರೋ ಒಬ್ಬರು ಯೋಚಿಸಿ, ಹುಡುಕಿ, ಹತ್ತು ಸಲ ಒಗೆದು, ಬಿಸಿಲಿಗೆ ಹಾಕಿ, ಅಂಚು ಉಜ್ಜಿ ತಂದಿರುತ್ತಾರೆ ಎಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಗಮನಕ್ಕೆ ಬಾರದಿರುವುದೇ ಆ ಕೆಲಸದ ಸಾರ್ಥಕ್ಯ. ಕೆಲಸ ಮಾಡಿದವರ ದುರದೃಷ್ಟವೂ ಅದೇ.

ಹೆಚ್ಚು ಬಂಡವಾಳವಿಲ್ಲದೆ, ದೊಡ್ಡ ನಟರಿಲ್ಲದೆ, ಹಳ್ಳಿಯಲ್ಲೇ ಬೀಡುಬಿಟ್ಟು ತೆಗೆಯುವ ಸ್ವತಂತ್ರ ಚಿತ್ರಗಳಲ್ಲಿ ಈ ಉಡುಪಿನ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಅಂಥದೇನಿದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಬೊಮ್ಮನಹಾಳ್ ಸೀಮೆಯನ್ನು.

ಬೊಮ್ಮನಹಾಳ್ ಏಕೆ?

ಬೊಮ್ಮನಹಾಳ್ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ, ಬಳ್ಳಾರಿಯ ಗಡಿಗೆ ಹತ್ತಿಕೊಂಡಿರುವ ಊರು. ರಾಯದುರ್ಗ ತಾಲೂಕು ಹಿಂದೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರುಗಳೊಂದಿಗೆ ಅದೂ ಅತ್ತ ಹೋಯಿತು. ಅದಾದ ಮೂರು ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ಕೇರಳಕ್ಕೆ ಬಂತು. ಅಲ್ಲಿ ತೆಲುಗಿನ ನಡುವೆ ಕನ್ನಡ. ಇಲ್ಲಿ ಮಲೆಯಾಳದ ನಡುವೆ ಕನ್ನಡ. ಮಡಕಶಿರಾ ಕಡೆಯೂ ಕನ್ನಡ ಮಾತಿನ ಊರುಗಳುಂಟು. ಅದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಹೀಗೆ ದೂರದ ನೆಂಟರಂತಿರುವ ಈ ಊರುಗಳ ವಿಷಯ ನಮ್ಮವರಿಗೆ ತಿಳಿದಿರುವುದು ಕಡಿಮೆ.

ಉಡುಪಿನ ದೃಷ್ಟಿಯಿಂದ ಆ ಸೀಮೆ ಬಹಳ ಸ್ವಾರಸ್ಯಕರ. ಪಕ್ಕದ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದದ್ದು. ಅದರಾಚೆ ಚಳ್ಳಕೆರೆ ಕಡೆ ಕುರಿಯ ಉಣ್ಣೆಯ ಕಂಬಳಿ. ಆ ಬದಿಗೆ ಧರ್ಮಾವರದ ಜರಿ ಸೀರೆ. ಬಡಗಣಕ್ಕೆ ಹೋದರೆ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ. ಇವೆಲ್ಲ ಹಳೆಯ ಕಸುಬುಗಳಾದರೆ, ರಾಯದುರ್ಗ ಮತ್ತು ಬಳ್ಳಾರಿಗಳಲ್ಲಿ ಇಂದು ಅನೇಕ ಕುಟುಂಬಗಳಿಗೆ ಅನ್ನ ಕೊಡುತ್ತಿರುವುದು ಜೀನ್ಸ್ ಹೊಲಿಗೆ. ಅಜ್ಜನ ಹೆಗಲಿನ ಮೇಲೆ ಕಂಬಳಿ, ಮೊಮ್ಮಗನ ಕಾಲಿಗೆ ಜೀನ್ಸ್; ಎರಡೂ ಆ ಸುತ್ತಿನಲ್ಲೇ ತಯಾರಾದವು. ಚಿತ್ರ ತೆಗೆಯುವವನಿಗೆ ಇದಕ್ಕಿಂತ ಒಳ್ಳೆಯ ಬಟ್ಟೆಯಂಗಡಿ ಬೇಕಿಲ್ಲ.

ದೂರದ ವೇಷ, ಹತ್ತಿರದ ಉಡುಪು

ನಮ್ಮ ವಾಚಕರಿಗೆ ಯಕ್ಷಗಾನ ಗೊತ್ತು. ಬಳ್ಳಾರಿ ಸೀಮೆಯವರಿಗೆ ದೊಡ್ಡಾಟ ಗೊತ್ತು. ಎರಡರಲ್ಲೂ ವೇಷ ದೂರದಿಂದಲೇ ಮಾತಾಡುತ್ತದೆ. ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಕಂಡೊಡನೆ ಗದ್ದೆಯ ಕೊನೆಯಲ್ಲಿ ಕುಳಿತವನಿಗೂ ಬಂದವನು ರಾಜನೋ ರಾಕ್ಷಸನೋ ತಿಳಿಯುತ್ತದೆ. ಅಲ್ಲಿ ಬಣ್ಣ ಹೆಚ್ಚಿದಷ್ಟೂ ಶೋಭೆ.

ಸಿನೆಮಾದ ಸಂಗತಿ ಬೇರೆ. ಕ್ಯಾಮರಾ ಒಂದು ಮೊಳ ದೂರಕ್ಕೆ ಬಂದು ನಿಲ್ಲುತ್ತದೆ. ಅಂಗಿಯ ಕಾಲರು ಹೊಸದೆಂದು, ಗುಂಡಿ ಈಗತಾನೇ ಹೊಲಿದದ್ದೆಂದು, ಇಸ್ತ್ರಿಯ ಗೆರೆ ಇನ್ನೂ ಮಾಯವಾಗಿಲ್ಲವೆಂದು ಅದು ಚಾಡಿ ಹೇಳಿಬಿಡುತ್ತದೆ. ಇಳಕಲ್ ಸೀರೆಯ ಸೆರಗನ್ನು ಬೇರೆಯಾಗಿ ಹಾಸು ಮಾಡಿ ಒಡಲಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಅದರ ಬದಲು ಅದೇ ಬಣ್ಣದ ಅಚ್ಚಿನ ಸೀರೆ ತಂದು ಉಡಿಸಿದರೆ, ಆ ಕಡೆಯ ಹೆಂಗಸರು ನೋಡಿದ ಕ್ಷಣದಲ್ಲೇ ನಕ್ಕುಬಿಟ್ಟಾರು. ನಮ್ಮಲ್ಲಿ ಮುಂಡನ್ನು ಎಡಕ್ಕೆ ಸಿಕ್ಕಿಸುವುದೋ ಬಲಕ್ಕೆ ಸಿಕ್ಕಿಸುವುದೋ ಎಂಬುದರಲ್ಲೇ ಉಟ್ಟವನ ಸಮುದಾಯ ತಿಳಿಯುವುದಿಲ್ಲವೇ? ಹಾಗೆ ಪ್ರತಿ ಸೀಮೆಗೂ ಒಂದು ಗುಟ್ಟಿದೆ. ಅದನ್ನು ತಿಳಿಯದವರು ಮಾಡಿದ ಚಿತ್ರ ಪಟ್ಟಣದಲ್ಲಿ ಮೆಚ್ಚುಗೆ ಗಳಿಸಬಹುದು. ಊರಿನಲ್ಲಿ ಅದರ ಮಾನ ಉಳಿಯದು.

ಹೊಸ ಅಲೆಯ ಪಾಠ

ಕನ್ನಡದಲ್ಲಿ ಈ ಅರಿವನ್ನು ತಂದದ್ದು 1970ರ ದಶಕದ ಹೊಸ ಅಲೆಯ ಚಿತ್ರಗಳು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರು ಚಿತ್ರಕಲಾವಿದ ಎಸ್. ಜಿ. ವಾಸುದೇವ್. ಅಗ್ರಹಾರದ ಗಂಡಸರ ಮೈಮೇಲೆ ಇರುವುದು ಪಂಚೆ, ಉತ್ತರೀಯ, ಜನಿವಾರ. ಅಷ್ಟರಲ್ಲೇ ಜಾತಿ, ಮಡಿ, ಬಿಂಕ, ಬಡತನ ಎಲ್ಲವನ್ನೂ ಹೇಳಬೇಕು. ಬಟ್ಟೆ ಕಡಿಮೆಯಾದಷ್ಟೂ ಉಡುಪಿನ ಕೆಲಸ ಕಡಿಮೆಯಾಗುತ್ತದೆ ಎಂದು ತಿಳಿದವರಿಗೆ ಅದೊಂದು ಉತ್ತರ. 1975ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ತೆರೆಗೆ ಬಂತು. ಚೋಮನಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ ಎಂ. ವಿ. ವಾಸುದೇವ ರಾಯರ ಬರಿಮೈಯೇ ಅಲ್ಲಿ ಪಾತ್ರದ ದೊಡ್ಡ ಉಡುಪು.

ಅದೇ 1975ರ ‘ಹಂಸಗೀತೆ’ಯಲ್ಲಿ ಉಡುಪಿನ ವಿನ್ಯಾಸಕ್ಕೆಂದೇ ಒಬ್ಬರು ಬಂದರು. ಜಿ. ವಿ. ಅಯ್ಯರರ ಆ ಚಿತ್ರ ತ. ರಾ. ಸು. ಅವರ ಕಾದಂಬರಿಯನ್ನು ಆಧರಿಸಿದ್ದು. ಹದಿನೆಂಟನೆಯ ಶತಮಾನದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ. ವಸ್ತ್ರ ವಿನ್ಯಾಸಕಿಯಾಗಿ ಚಿತ್ರರಂಗಕ್ಕೆ ಅದರ ಮೂಲಕ ಕಾಲಿಟ್ಟವರು ಪ್ರೇಮಾ ಕಾರಂತರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ರಂಗಭೂಮಿಯ ಉಡುಪಿನಲ್ಲಿ ಕೈ ಪಳಗಿಸಿಕೊಂಡವರು ಅವರು. ಮುಂದೆ ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ‘ಫಣಿಯಮ್ಮ’ (1983) ಚಿತ್ರವನ್ನು ತಾವೇ ನಿರ್ದೇಶಿಸಿದರು. ಬಾಲವಿಧವೆಯೊಬ್ಬಳ ಬಾಳು ಅದರ ವಸ್ತು. ಹುಡುಗಿಯ ಬಣ್ಣದ ಬಟ್ಟೆ, ಬಳೆ, ಹೂವು ಹೋಗಿ, ಬೋಳಿಸಿದ ತಲೆಯ ಮೇಲೆ ಒಂದು ಸೆರಗು ಮಾತ್ರ ಉಳಿಯುತ್ತದೆ. ಆ ಕಾಲದ ಸಮಾಜ ಒಂದು ಹೆಣ್ಣಿಗೆ ಏನು ಮಾಡಿತು ಎಂಬುದನ್ನು ಹೇಳಲು ಬೇರೆ ಮಾತು ಬೇಕಿಲ್ಲ, ಬಟ್ಟೆಯೇ ಕತೆ. ಉಡುಪು ಬಲ್ಲವರೊಬ್ಬರು ಈ ಕತೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನೂ (1977) ಇಲ್ಲಿ ನೆನೆಯಬೇಕು. ಕಪ್ಪು ಬಿಳುಪಿನ ಆ ಚಿತ್ರವನ್ನು ಹೊಸದಾಗಿ ಶುದ್ಧಿಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಒಳ್ಳೆಯ ಪ್ರತಿ ಉಳಿದರೆ ಅದರೊಂದಿಗೆ ಒಂದು ಕಾಲದ ನೂಲು, ನೆರಿಗೆ, ಗಂಟು ಎಲ್ಲವೂ ಉಳಿಯುತ್ತವೆ ಎಂಬುದು ಇದರಿಂದ ತಿಳಿಯುವ ಪಾಠ.

ಕಪ್ಪು ಬಿಳುಪಿನ ಕಾಲದಲ್ಲಿ ಉಡುಪಿನವರಿಗೆ ಮತ್ತೊಂದು ಲೆಕ್ಕವಿತ್ತು. ಕೆಂಪೂ ಹಸಿರೂ ತೆರೆಯ ಮೇಲೆ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಕಾಣಬಹುದು. ಅಚ್ಚ ಬಿಳಿಯಾದರೋ ದೀಪದ ಬೆಳಕಿಗೆ ಹೊಳೆದು ಮುಖವನ್ನೇ ನುಂಗುತ್ತದೆ. ಆದುದರಿಂದ ಬಿಳಿ ಪಂಚೆಯನ್ನು ತೆಳು ಚಹಾದ ನೀರಿನಲ್ಲಿ ಅದ್ದಿ ಒಣಗಿಸುವ ಪದ್ಧತಿ ಬಂತು. ಬಣ್ಣದ ಚಿತ್ರ ಬಂದ ಮೇಲೂ ಆ ಉಪಾಯ ಬಿಟ್ಟುಹೋಗಲಿಲ್ಲ. ಈಗಿನ ಡಿಜಿಟಲ್ ಕ್ಯಾಮರಾಕ್ಕೆ ಬೇರೆಯೇ ತಗಾದೆ: ಸಣ್ಣ ಸಣ್ಣ ಗೆರೆಯ ಅಂಗಿ ತೊಡಿಸಿದರೆ ಆ ಗೆರೆಗಳು ತೆರೆಯ ಮೇಲೆ ಹುಳುವಿನಂತೆ ಮಿಣುಗುಟ್ಟುತ್ತವೆ. ಸ್ಥಳದಲ್ಲೇ ಧ್ವನಿ ಹಿಡಿಯುವ ಚಿತ್ರಗಳಲ್ಲಿ ಗಂಜಿ ಹಾಕಿದ ಬಟ್ಟೆಯ ಸರಬರ ಸದ್ದು, ಗಾಜಿನ ಬಳೆಯ ಕಿಣಿಕಿಣಿ ಮಾತಿನ ಮೇಲೆ ಬೀಳುತ್ತವೆ. ಇದನ್ನೆಲ್ಲ ಮೊದಲೇ ಯೋಚಿಸುವವರು ಒಬ್ಬರು ಬೇಕು.

ಲೆಕ್ಕದ ಪುಸ್ತಕ

ಈಗ ಬೊಮ್ಮನಹಾಳಿಗೆ ಬರೋಣ. ಅಲ್ಲಿ ಒಂದು ಚಿತ್ರ ತೆಗೆಯುವುದಾದರೆ ಎಂದು ಊಹಿಸಿಕೊಳ್ಳಿ. ಶೇಂಗಾ ಬೆಳೆಯುವ ಒಬ್ಬ ರೈತ, ಅವನ ಹೆಂಡತಿ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಗ, ಮನೆಯಲ್ಲಿ ಒಬ್ಬ ಮುದುಕ. ಹಗರಿಯ ದಂಡೆಯ ಮರಳು ಗಾಳಿಗೆ ಎದ್ದು ಹೊಲಕ್ಕೆ ನುಗ್ಗುತ್ತಿದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಇದು ಕಟ್ಟುಕತೆಯಲ್ಲ, ಅಲ್ಲಿ ನಿಜವಾಗಿ ಮರಳ ದಿಬ್ಬಗಳಿವೆ. ಕತೆ ಒಂಬತ್ತು ದಿನಗಳಲ್ಲಿ ನಡೆಯುತ್ತದೆ ಎಂದಿಟ್ಟುಕೊಳ್ಳೋಣ.

ಉಡುಪಿನವರ ಮೊದಲ ಕೆಲಸ ಕತ್ತರಿಯದಲ್ಲ, ಪೆನ್ಸಿಲಿನದು. ಚಿತ್ರಕತೆಯನ್ನು ಓದಿ ಯಾವ ದೃಶ್ಯ ಯಾವ ದಿನದ್ದು, ಹಗಲೋ ರಾತ್ರಿಯೋ, ಯಾರು ಯಾರು ಇದ್ದಾರೆ, ಅವರ ಮೈಮೇಲೆ ಏನಿದೆ ಎಂದು ಪಟ್ಟಿ ಮಾಡಬೇಕು. ತಾಯಿಗೆ ಎಷ್ಟು ಸೀರೆ ಬೇಕು? ಒಂಬತ್ತು ದಿನಕ್ಕೆ ಒಂಬತ್ತು ಎಂದವರು ಈ ಕೆಲಸಕ್ಕೆ ಬಂದವರಲ್ಲ. ಅಂಥ ಮನೆಯ ಹೆಣ್ಣುಮಗಳು ಎರಡು ಸೀರೆಗಳನ್ನು ಸರದಿಯಂತೆ ನಾಲ್ಕು ನಾಲ್ಕು ದಿನ ಉಡುತ್ತಾಳೆ. ಜಾತ್ರೆಯ ಒಂದು ದಿನಕ್ಕೆ ಮಾತ್ರ ಟ್ರಂಕಿನಿಂದ ಮೂರನೆಯದನ್ನು ತೆಗೆಯುತ್ತಾಳೆ. ಉಟ್ಟದ್ದನ್ನೇ ಮತ್ತೆ ಉಟ್ಟಾಗ ಬಡತನ ತಾನಾಗಿ ತಿಳಿಯುತ್ತದೆ. ಮಾತಿನಲ್ಲಿ ಹೇಳಿಸುವ ಅಗತ್ಯ ಬೀಳುವುದಿಲ್ಲ. ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು ತೊಡುತ್ತಾಳೆ, ಬಿಸಿಲಿಗೂ ಮುಳ್ಳಿಗೂ ರಕ್ಷಣೆಯೆಂದು. ಆ ಶರ್ಟನ್ನು ಹಿಂದಿನ ದೃಶ್ಯವೊಂದರಲ್ಲಿ ಗಂಡ ತೊಟ್ಟಿದ್ದನ್ನು ನಾವು ಕಂಡಿದ್ದರೆ, ಅವರ ಸಂಸಾರದ ಕತೆಯಲ್ಲಿ ಒಂದು ಪುಟ ಓದಿದಂತಾಯಿತು.

ಚಿತ್ರೀಕರಣ ಕತೆಯ ಕ್ರಮದಲ್ಲಿ ನಡೆಯುವುದಿಲ್ಲ ಎಂಬುದು ಎರಡನೆಯ ತೊಡಕು. ಎಂಟನೆಯ ದಿನದ ಜಗಳವನ್ನು ಮೊದಲು, ಎರಡನೆಯ ದಿನದ ಊಟವನ್ನು ಕೊನೆಗೆ ತೆಗೆಯಬಹುದು. ಐದನೆಯ ದಿನ ಮುಳ್ಳುಬೇಲಿಗೆ ಸಿಕ್ಕಿ ಮೊಣಕೈ ಹರಿದ ಅಂಗಿ, ಎಂಟನೆಯ ದಿನ ಹರಿದೇ ಇರಬೇಕು, ಅಥವಾ ತೇಪೆ ಹಾಕಿರಬೇಕು. ಎರಡನೆಯ ದಿನ ಸರಿಯಿರಬೇಕು. ಆದುದರಿಂದ ಅಂಥ ಅಂಗಿಗೆ ಎರಡು ಮೂರು ಜೋಡಿ ಬೇಕು: ಒಂದು ಸರಿಯಾದದ್ದು, ಒಂದು ಹರಿದದ್ದು, ಒಂದು ತೇಪೆಯದು. ನೆನೆಯುವ ದೃಶ್ಯವಿದ್ದರೆ, ಮತ್ತೊಮ್ಮೆ ತೆಗೆಯಬೇಕಾದೀತೆಂದು ಒಣಗಿದ ಇನ್ನೊಂದು ಜೊತೆ. ಎಷ್ಟು ಗುಂಡಿ ಹಾಕಿತ್ತು, ತೋಳು ಎಷ್ಟು ಮಡಿಸಿತ್ತು, ಟವಲು ಯಾವ ಹೆಗಲ ಮೇಲಿತ್ತು ಎಂಬುದನ್ನು ಹಿಂದೆ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈಗ ಮೊಬೈಲಿನಲ್ಲಿ ಪಟ ತೆಗೆದಿಡುತ್ತಾರೆ. ಉಪಕರಣ ಬದಲಾಯಿತು, ಎಚ್ಚರ ಬದಲಾಗಲಿಲ್ಲ.

ಮಾಸಿಸುವ ವಿದ್ಯೆ

ಹೊಸ ಬಟ್ಟೆ ತಂದು ಹಳತು ಮಾಡುವುದು ಈ ಕಸುಬಿನ ಮೂರನೆಯ ಭಾಗ, ಬಹುಶಃ ಅತ್ಯಂತ ಕಷ್ಟದ ಭಾಗ. ಮಣ್ಣು ಬಳಿದರಾಯಿತು ಎಂದು ತಿಳಿಯಬಾರದು. ಬಟ್ಟೆ ಎಲ್ಲ ಕಡೆ ಒಂದೇ ರೀತಿ ಹಳತಾಗುವುದಿಲ್ಲ. ಮಡಕೆ ಹೊರುವವಳ ಸೀರೆ ಸೊಂಟದ ಬಳಿ ಸವೆಯುತ್ತದೆ. ಬೀಡಿ ಇಡುವವನ ಜೇಬು ಜೋತುಬೀಳುತ್ತದೆ. ಎತ್ತು ಹೂಡುವವನ ಹೆಗಲು, ಹೊಲಿಗೆಯವನ ತೊಡೆ, ಮೇಷ್ಟರ ಮೊಣಕೈ, ಹೀಗೆ ಕೆಲಸ ಎಲ್ಲಿದೆಯೋ ಸವೆತ ಅಲ್ಲಿ. ಉಡುಪಿನವರು ಅಂಗಿಯನ್ನು ಮತ್ತೆ ಮತ್ತೆ ಒಗೆದು ಬಿಸಿಲಿಗೆ ಹಾಕುತ್ತಾರೆ. ಉಪ್ಪುಕಾಗದದಿಂದ ಕಾಲರನ್ನೂ ಮೊಣಕೈಯನ್ನೂ ಉಜ್ಜುತ್ತಾರೆ. ಜೇಬಿನಲ್ಲಿ ಕಲ್ಲಿಟ್ಟು ಒದ್ದೆ ಮಾಡಿ ತೂಗುಹಾಕುತ್ತಾರೆ. ಕುತ್ತಿಗೆಯ ಪಟ್ಟಿಗೆ ಒಂದಿಷ್ಟು ಎಣ್ಣೆ ಸವರುತ್ತಾರೆ.

ಬಳ್ಳಾರಿ ಕಡೆ ಇದೇ ವಿದ್ಯೆ ದೊಡ್ಡ ವ್ಯಾಪಾರವಾಗಿರುವುದು ವಿಚಿತ್ರವಾದರೂ ನಿಜ. ಹೊಸ ಜೀನ್ಸನ್ನು ತೊಳೆಯುವ ಘಟಕಗಳಲ್ಲಿ ಹಾಕಿ, ತೊಡೆಯ ಬಳಿ ಕೈಯಿಂದ ಉಜ್ಜಿ, ಬಣ್ಣ ಮಂಕು ಮಾಡಿ, ಮಾಸಿದ್ದಕ್ಕೇ ಹೆಚ್ಚು ಬೆಲೆ ಕಟ್ಟಿ ಪಟ್ಟಣಗಳಿಗೆ ಕಳುಹಿಸುತ್ತಾರೆ. ಶ್ರೀಮಂತರ ಮಗ ಹಳತರಂತೆ ಕಾಣುವ ಹೊಸದನ್ನು ಕೊಳ್ಳುತ್ತಾನೆ. ಅದನ್ನು ಉಜ್ಜಿದವನು ನಿಜವಾಗಿ ಹಳತಾದದ್ದನ್ನು ತೊಟ್ಟು ಮನೆಗೆ ಹೋಗುತ್ತಾನೆ. ನಮ್ಮ ಊಹೆಯ ಚಿತ್ರದಲ್ಲಿ ಆ ಮಗನ ಪಾತ್ರಕ್ಕೆ ಇದಕ್ಕಿಂತ ದೊಡ್ಡ ಸಂಭಾಷಣೆ ಬರೆಯುವುದು ಕಷ್ಟ.

ಕಲೆಗೂ ಊರಿದೆ. ಬಳ್ಳಾರಿ ಸೀಮೆಯ ಎರೆಮಣ್ಣಿನ ಕಪ್ಪು ಕಲೆ ಬೇರೆ, ನಮ್ಮ ಮುರಕಲ್ಲಿನ ಕೆಂಪು ಧೂಳು ಬೇರೆ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಕಾಸರಗೋಡಿನಲ್ಲಿ ಅದರ ಆರರಷ್ಟು. ಅಲ್ಲಿ ಬೆವರು ಒಣಗಿ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುತ್ತದೆ. ಇಲ್ಲಿ ಆಟಿ ತಿಂಗಳಲ್ಲಿ ಒಣಗದ ಬಟ್ಟೆಗೆ ಬೂಷ್ಟು ಹಿಡಿದು ಕರಿ ಚುಕ್ಕೆ ಬೀಳುತ್ತದೆ. ಇಲ್ಲಿನ ತೋಟದ ಕೆಲಸದವನ ಬೈರಾಸಿನಲ್ಲಿ ಬಾಳೆಯ ಸೊನೆ, ಅಡಿಕೆಯ ಚೊಗರು, ಗೇರಿನ ಕಲೆ ಇರಲೇಬೇಕು. ಅದನ್ನು ಬೊಮ್ಮನಹಾಳಿನ ರೈತನ ಹೆಗಲ ಮೇಲೆ ಹಾಕಿದರೆ ತಪ್ಪು. ಅವನ ರುಮಾಲಿಗೆ ಬೇಕಾದದ್ದು ಹಗರಿಯ ಮರಳು, ಪಂಪುಸೆಟ್ಟಿನ ಎಣ್ಣೆ. ತುಂಗಭದ್ರೆಯ ಮೇಲ್ದಂಡೆ ಕಾಲುವೆಯ ನೀರು ಬರುವ ಹೊಲದವನಾದರೆ ಕೆಸರು. ಬಾರದ ಹೊಲದವನಾದರೆ ಬರಿ ಧೂಳು. ನೀರು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಕಾಲಿನ ಬಳಿಯ ಧೋತರದ ಅಂಚಿನಲ್ಲೇ ಗೊತ್ತಾಗಬೇಕು.

ಹಳೆಯ ಕಾಲದ ಕತೆಯಾದರೆ ಬೇರೆ ಆಕರ ಬೇಕು. ಮಡಕಶಿರಾ, ಹಿಂದೂಪುರಗಳ ಕಡೆಯವರಿಗೆ ಅದೂ ದೂರವಿಲ್ಲ. ಲೇಪಾಕ್ಷಿಯ ವೀರಭದ್ರ ದೇವಾಲಯದ ಮಾಳಿಗೆಯಲ್ಲಿ ಹದಿನಾರನೆಯ ಶತಮಾನದ ವಿಜಯನಗರದ ಕಾಲದ ವರ್ಣಚಿತ್ರಗಳಿವೆ. ಹೆಂಗಸರ ಸೀರೆಯ ಅಂಚು, ಚೌಕುಳಿ, ಗಂಡಸರ ಎತ್ತರದ ಕುಲಾವಿ ಟೊಪ್ಪಿಗೆ ಎಲ್ಲ ಅಲ್ಲಿ ಕಣ್ಣೆದುರಿಗೇ ಕಾಣುತ್ತವೆ. ಕ್ಯಾಲೆಂಡರಿನ ಚಿತ್ರ ನೋಡಿ ಕೃಷ್ಣದೇವರಾಯನ ಕಾಲವನ್ನು ಹೊಲಿಸುವವರು ಒಮ್ಮೆ ಅಲ್ಲಿಗೆ ಹೋಗಿಬರುವುದು ಲೇಸು.

ಹೊಸದು ಕೊಟ್ಟು ಹಳೆಯದು

ಎಷ್ಟು ಉಜ್ಜಿದರೂ ಹತ್ತು ವರ್ಷ ಉಟ್ಟ ಸೀರೆಯ ಮೆದುತನ ಬರುವುದಿಲ್ಲ. ಆದುದರಿಂದ ಸ್ವತಂತ್ರ ಚಿತ್ರದವರು ಊರಿನವರ ಹಳೆಯ ಬಟ್ಟೆಯನ್ನೇ ಕೇಳಿ ಪಡೆದು, ಬದಲಿಗೆ ಹೊಸದನ್ನು ಕೊಡುವುದುಂಟು. ಇದು ಖರ್ಚಿನ ದೃಷ್ಟಿಯಿಂದಲೂ ಹಿತ. ಇದರಲ್ಲಿ ಒಂದು ನಯ ಬೇಕು. ಹಳೆಯ ಸೀರೆಯೆಂದರೆ ಒಬ್ಬಾಕೆಗೆ ತವರಿನ ನೆನಪು, ಇನ್ನೊಬ್ಬಾಕೆಗೆ ಕೂಸಿನ ಕೌದಿಗೆಂದು ತೆಗೆದಿಟ್ಟದ್ದು. ಕೊಡುವುದಿಲ್ಲ ಎಂದರೆ ಒತ್ತಾಯಿಸಬಾರದು. ಕೊಟ್ಟರೆ ಅದನ್ನು ಯಾವ ಪಾತ್ರಕ್ಕೆ ಉಡಿಸುತ್ತೇವೆಂದು ಹೇಳಬೇಕು. ತನ್ನ ಸೀರೆ ತೆರೆಯ ಮೇಲೆ ಊರಿನವರು ಬೈಯುವ ಹೆಂಗಸಿನ ಮೈಮೇಲೆ ಕಂಡರೆ ಆಕೆಗೆ ಹೇಗಾದೀತು?

ಊರಿನವರೇ ನಟಿಸುವ ಚಿತ್ರಗಳಲ್ಲಿ ತೊಡಕು ಇನ್ನೂ ಸೂಕ್ಷ್ಮ. ರಾಮ್ ರೆಡ್ಡಿಯವರ ‘ತಿಥಿ’ (2015) ಮಂಡ್ಯದ ಹಳ್ಳಿಯ ಜನರನ್ನೇ ಇಟ್ಟುಕೊಂಡು ತೆಗೆದು ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಬೊಮ್ಮನಹಾಳಿನಂತೆಯೇ ಬಿಸಿಲಿನ ಸೀಮೆಯಾದ ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ಜೈಶಂಕರ್ ಆರ್ಯರ್ ತೆಗೆದ ‘ಶಿವಮ್ಮ’ 2022ರಲ್ಲಿ ಬುಸಾನ್ ಉತ್ಸವದಲ್ಲಿ ಗೆದ್ದಿತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸಿನ ಕತೆ ಅದು. ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿ ಸೆನ್ನಾ ಹೆಗ್ಡೆಯವರು ತೆಗೆದ ಮಲೆಯಾಳದ ‘ತಿಂಕಳಾಳ್ಚ ನಿಶ್ಚಯಂ’ (2021) ನಿಶ್ಚಿತಾರ್ಥದ ಮನೆಯೊಂದರ ಒಳಹೊರಗಿನಲ್ಲೇ ನಡೆಯುತ್ತದೆ.

ಇಂಥಲ್ಲಿ ಉಡುಪಿನವರಿಗೆ ಎದುರಾಗುವ ಪ್ರಶ್ನೆ ಒಂದೇ. ಕ್ಯಾಮರಾ ಎಂದೊಡನೆ ಹಳ್ಳಿಯವರು ಪೆಟ್ಟಿಗೆಯಿಂದ ತೆಗೆದ ಒಳ್ಳೆಯ ಬಟ್ಟೆ ತೊಟ್ಟು ಬರುತ್ತಾರೆ. “ತಾತಾ, ನಿನ್ನೆ ಹೊಲಕ್ಕ ಹೋಗುವಾಗ ಉಟ್ಟಿದ್ರಲ್ಲ, ಅದನ್ನೇ ಉಟ್ಕಂಡು ಬರ್ರಿ” ಎಂದರೆ, “ಫೋಟೋ ಹಿಡಿಯಾಕ ಹರಕು ಬಟ್ಟಿ ಯಾಕಪ್ಪಾ?” ಎಂದು ಕೇಳಿಯೇ ಕೇಳುತ್ತಾರೆ. ಆ ಮುದುಕನ ಪ್ರಶ್ನೆಯನ್ನು ನಗುತ್ತಾ ತಳ್ಳಿಬಿಡುವಂತಿಲ್ಲ. ಜೀವನದಲ್ಲಿ ಒಂದೇ ಸಲ ತನ್ನ ಚಿತ್ರ ಪರಊರಿಗೆ ಹೋಗುವುದಾದರೆ ಹರಕಿನಲ್ಲಿ ಹೋಗಬೇಕೇ? ಸತ್ಯ ತೋರಿಸುವ ಹಟ ನಿರ್ದೇಶಕನದು; ಮಾನ ಕಾಯುವ ಹಟ ಮುದುಕನದು. ಎರಡೂ ನ್ಯಾಯವೇ. ಒಳ್ಳೆಯ ಉಡುಪು ವಿನ್ಯಾಸಕರು ಇವೆರಡರ ನಡುವೆ ದಾರಿ ಮಾಡುತ್ತಾರೆ: ಹಳತು, ಆದರೆ ಒಗೆದದ್ದು, ತೇಪೆ, ಆದರೆ ಅಚ್ಚುಕಟ್ಟಾಗಿ ಹೊಲಿದದ್ದು. ಬಡವರು ಬಹುಮಟ್ಟಿಗೆ ಹಾಗೆಯೇ ಇರುತ್ತಾರೆ. ಬಡವನೆಂದರೆ ಕೊಳಕ ಎಂಬುದು ಉಳ್ಳವರ ಕಲ್ಪನೆ.

ಪ್ರಶಸ್ತಿಯ ದಾರಿ

ಸರಕಾರದ ರಾಷ್ಟ್ರಪ್ರಶಸ್ತಿಗಳು ಆರಂಭವಾದದ್ದು 1954ರಲ್ಲಿ. ಉಡುಪು ವಿನ್ಯಾಸಕ್ಕೆಂದು ಪ್ರತ್ಯೇಕ ಪ್ರಶಸ್ತಿ ಬಂದದ್ದು 1984ರ ಚಿತ್ರಗಳಿಗೆ. ಅಂದರೆ ಮೂವತ್ತು ವರ್ಷ ಆ ಕೆಲಸಕ್ಕೆ ಅಲ್ಲಿ ಜಾಗವಿರಲಿಲ್ಲ. ಅಷ್ಟರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದ ಭಾನು ಅಥಯ್ಯಾ ಅವರು ‘ಗಾಂಧಿ’ ಚಿತ್ರದ ಉಡುಪಿಗಾಗಿ, ಜಾನ್ ಮೊಲ್ಲೋ ಅವರೊಂದಿಗೆ, 1983ರಲ್ಲಿ ಆಸ್ಕರ್ ಪಡೆದಾಗಿತ್ತು. ಆ ಗೌರವ ಪಡೆದ ಮೊದಲ ಭಾರತೀಯರು ಅವರು. ಖಾದಿಯ ತುಂಡು ಬಟ್ಟೆಯುಟ್ಟವನ ಕತೆಗೆ ಉಡುಪಿನ ಪ್ರಶಸ್ತಿ ಬಂತು ಎಂಬುದನ್ನು ಗಮನಿಸಬೇಕು.

ಕನ್ನಡದ ಮಟ್ಟಿಗೆ ಎರಡು ಹೆಸರು ಮುಖ್ಯ. ಕಾಸರವಳ್ಳಿಯವರ ‘ತಾಯಿ ಸಾಹೇಬ’ (1997) ಚಿತ್ರಕ್ಕಾಗಿ ವೈಶಾಲಿ ಕಾಸರವಳ್ಳಿಯವರು ರಾಷ್ಟ್ರಪ್ರಶಸ್ತಿ ಪಡೆದರು. ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಹರಡಿದ ಕತೆ ಅದು. ಮನೆಯ ಒಳಗಿನ ಹೆಂಗಸಿನ ಬಾಳೂ ಹೊರಗಿನ ದೇಶದ ಕಾಲವೂ ಒಟ್ಟಿಗೆ ಬದಲಾಗುವುದನ್ನು ಉಡುಪು ಹೊತ್ತು ಸಾಗಬೇಕಿತ್ತು. ಸ್ವತಃ ನಟಿಯೂ ಆಗಿದ್ದ ಅವರು 2010ರಲ್ಲಿ ತೀರಿಕೊಂಡರು. ಎರಡನೆಯದು ‘ಹಸೀನಾ’ (2004). ಇದಕ್ಕೆ ಇಶ್ರತ್ ನಿಸಾರ್ ಮತ್ತು ಎಂ. ಎನ್. ಸ್ವಾಮಿ ಅವರಿಗೆ ಆ ಪ್ರಶಸ್ತಿ ಸಂದಿತು. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯೇ ‘ಹಸೀನಾ’ಕ್ಕೆ ಆಧಾರ. ಗಂಡ ಬಿಟ್ಟುಹೋದ, ಹೆಣ್ಣುಮಕ್ಕಳನ್ನು ಕಟ್ಟಿಕೊಂಡ ಬಡ ಹೆಂಗಸಿನ ಕತೆ. ಅರಮನೆಯಿಲ್ಲ, ಆಭರಣವಿಲ್ಲ, ಹಳೆಯ ಕಾಲವೂ ಅಲ್ಲ. ದಿನನಿತ್ಯದ ಬುರ್ಖಾ, ಅಗ್ಗದ ಬಟ್ಟೆಗಳ ಆಯ್ಕೆಯೂ ಒಂದು ಕಲೆ ಎಂದು ಆ ಪ್ರಶಸ್ತಿ ಒಪ್ಪಿಕೊಂಡಂತಾಯಿತು. ನಮ್ಮ ಲೇಖನದ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೆಸರಿಲ್ಲದ ಕೈಗಳು

ಆದರೆ ಪ್ರಶಸ್ತಿ ವಿನ್ಯಾಸ ಮಾಡಿದವರಿಗೆ, ಹೊಲಿದವರ ಮಾತೇನು? ಮಲೆಯಾಳದ ಪ್ರಸಿದ್ಧ ನಟ ಇಂದ್ರನ್ಸ್ ಅವರು ಮೊದಲು ದರ್ಜಿ. ‘ಇಂದ್ರನ್ಸ್’ ಎಂಬುದು ಅವರ ಹೊಲಿಗೆ ಅಂಗಡಿಯ ಹೆಸರು. ಚಿತ್ರಗಳಿಗೆ ಬಟ್ಟೆ ಹೊಲಿಯುತ್ತ, ಉಡುಪು ವಿನ್ಯಾಸ ಮಾಡುತ್ತ, ಸಣ್ಣ ಪಾತ್ರಗಳಿಂದ ಮೇಲೆ ಬಂದು ‘ಆಳೊರುಕ್ಕಂ’ ಚಿತ್ರಕ್ಕೆ 2017ರ ಕೇರಳ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಹೊಲಿಗೆ ಯಂತ್ರದ ಹಿಂದಿನಿಂದ ಕ್ಯಾಮರಾದ ಮುಂದಕ್ಕೆ ಬಂದವರು ಅವರಂತೆ ಎಷ್ಟು ಮಂದಿ? ಉಳಿದವರ ಹೆಸರು ಚಿತ್ರದ ಕೊನೆಗೆ, ಜನ ಎದ್ದು ಹೋಗುವಾಗ ಓಡುವ ಪಟ್ಟಿಯಲ್ಲೂ ಇರುವುದಿಲ್ಲ. ಕಡಿಮೆ ಖರ್ಚಿನ ಚಿತ್ರಗಳಲ್ಲಂತೂ ಉಡುಪಿಗೆಂದು ಬೇರೆ ಆಳೇ ಇರುವುದಿಲ್ಲ ಎನ್ನಬಹುದು. ನಿರ್ದೇಶಕನ ಮನೆಯವರೋ, ಸಹಾಯಕಿಯೋ, ಊರಿನ ಟೇಲರನೋ ಆ ಹೊರೆ ಹೊರುತ್ತಾರೆ. ಹಣ ಕೊನೆಗೆ ಬರುವುದು ಉಡುಪಿಗೆ, ಮೊದಲು ಕಡಿತವಾಗುವುದೂ ಅದರಲ್ಲೇ.

ಈ ಅಲಕ್ಷ್ಯದಿಂದ ಆಗುವ ನಷ್ಟ ಒಬ್ಬಿಬ್ಬರದ್ದಲ್ಲ. ಕೈಮಗ್ಗದ ನೇಕಾರರು ಕಡಿಮೆಯಾಗುತ್ತಿದ್ದಾರೆ. ಕಂಬಳಿ ನೇಯುವವನ ಮಗ ಜೀನ್ಸ್ ಹೊಲಿಯುತ್ತಿದ್ದಾನೆ. ಅದರಲ್ಲಿ ಅವನ ತಪ್ಪಿಲ್ಲ, ಹೊಟ್ಟೆ ತುಂಬಬೇಕು. ನಮ್ಮಲ್ಲೂ 1938ರಲ್ಲಿ ಹುಟ್ಟಿದ ನೇಕಾರರ ಸಹಕಾರಿ ಸಂಘದ ಕಾಸರಗೋಡು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಉಡುವವರ ಸಂಖ್ಯೆ ಹೆಚ್ಚಬೇಕಾಗಿದೆ. ಇನ್ನು ಐವತ್ತು ವರ್ಷಗಳ ಅನಂತರ, ಗಡಿಯ ಕನ್ನಡಿಗರು ಹೇಗೆ ಉಡುತ್ತಿದ್ದರು ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳಲು ಬಟ್ಟೆ ಉಳಿದಿರಲಾರದು, ಚಿತ್ರ ಉಳಿದೀತು. ಆ ಚಿತ್ರದಲ್ಲಿ ಬೊಮ್ಮನಹಾಳಿನ ಹೆಂಗಸಿಗೆ ಬೆಂಗಳೂರಿನ ಅಂಗಡಿಯ ಸೀರೆ ಉಡಿಸಿದ್ದರೆ, ಮಂಜೇಶ್ವರದ ತೋಟದವನಿಗೆ ಮೈಸೂರಿನ ಪಂಚೆ ಉಡಿಸಿದ್ದರೆ, ಆ ಸುಳ್ಳೇ ಮುಂದಿನವರಿಗೆ ಚರಿತ್ರೆಯಾದೀತು.

ಆದುದರಿಂದ ನಮ್ಮ ಸೂಚನೆ ದೊಡ್ಡದೇನಲ್ಲ. ಚಿತ್ರ ತೆಗೆಯುವ ಯುವಕರು ಕ್ಯಾಮರಾಕ್ಕೆ ಬಾಡಿಗೆ ಗೊತ್ತು ಮಾಡುವ ಮುನ್ನ ಉಡುಪಿಗೆ ಒಬ್ಬರನ್ನು ಗೊತ್ತು ಮಾಡಲಿ, ಅವರಿಗೆ ಕೂಲಿ ಕೊಡಲಿ. ಹೊಲಿದ ದರ್ಜಿಯ, ಸೀರೆ ಕೊಟ್ಟ ಹೆಂಗಸಿನ ಹೆಸರನ್ನು, ಅವರು ಒಪ್ಪಿದರೆ, ಪಟ್ಟಿಯಲ್ಲಿ ಹಾಕಲಿ, ಅದಕ್ಕೆ ಖರ್ಚಿಲ್ಲ. ನಮ್ಮ ಕಾಲೇಜುಗಳ ಮಕ್ಕಳು ತಮ್ಮ ಮನೆಯ ಅಜ್ಜಿಯ ಪೆಟ್ಟಿಗೆ ತೆರೆದು, ಯಾವ ಬಟ್ಟೆ ಎಲ್ಲಿಯದು, ಯಾವಾಗ ಉಡುತ್ತಿದ್ದರು, ಹೇಗೆ ಉಡುತ್ತಿದ್ದರು ಎಂದು ಕೇಳಿ ಬರೆದಿಡಲಿ. ನಾಳೆ ಯಾರೋ ಒಬ್ಬರು ಚಿತ್ರ ತೆಗೆಯುವಾಗ ಆ ಬರವಣಿಗೆ ಬೇಕಾಗುತ್ತದೆ.

ಓದುಗರಿಗೆ ಹೇಳುವುದೂ ಇಷ್ಟೇ: ಮುಂದಿನ ಸಲ ಇಂಥ ಚಿತ್ರ ನೋಡುವಾಗ, ಕತೆಯ ನಡುವೆ ಒಂದು ಕ್ಷಣ ಅಂಗಿಯ ಮೊಣಕೈಯನ್ನು ನೋಡಿ. ಅಲ್ಲಿ ಸವೆತವಿದ್ದರೆ, ಆ ಸವೆತ ಪಾತ್ರದ ಕೆಲಸಕ್ಕೆ ಒಪ್ಪುವಂತಿದ್ದರೆ, ಯಾರೋ ಒಬ್ಬರು ಆ ಬಡವನನ್ನು ಗೌರವದಿಂದ ಕಂಡಿದ್ದಾರೆಂದು ತಿಳಿಯಿರಿ.